ಅಂಚಿನಲ್ಲಿ ಅಳಿಸಿದ್ದು

ಮಾರ್ಚ್ 9, ಭಾನುವಾರ
ಬೆಳಗ್ಗೆ

ಪುಟ್ಟೀ,

"ನೂರು ಎಣಿಸಬೇಕು ಅಂತ ನಿಂತೆ. ಅರವತ್ತಕ್ಕೆ ಬಾಗಿಲು ತೆಗೆದೆ."

ಅರವತ್ತೋ, ನಲವತ್ತೋ? "ನಿಂತೆ" ಎಂದಿತ್ತೋ, "ನಿಂತುಕೊಂಡೆ" ಎಂದಿತ್ತೋ? ಎರಡು ವಾರದಿಂದ ಈ ಸಾಲನ್ನು ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ನಿನ್ನಮ್ಮನ ಹುಚ್ಚು ನಿನಗೆ ಗೊತ್ತಲ್ಲ, ಒಂದು ಸಾಲು ಅರ್ಧ ನೆನಪಾಗಿ ಅರ್ಧ ಕೈಕೊಟ್ಟರೆ ಊಟ ಸೇರುವುದಿಲ್ಲ. ಸ್ಟೂಲು ಹತ್ತಿ, ಕಪಾಟಿನ ಧೂಳನ್ನೆಲ್ಲ ಮೈಮೇಲೆ ಸುರಿದುಕೊಂಡು, ಯಾವ ಸಂಕಲನದ್ದೆಂದು ಹುಡುಕಿ ತೆಗೆದ ಮೇಲೇ ಸಮಾಧಾನ. ಇದನ್ನು ಮಾತ್ರ ಹುಡುಕುವ ಹಾಗಿಲ್ಲ. ಇದು ಕವಿತೆಯ ಸಾಲಲ್ಲ. ಒಂದು ಪುಸ್ತಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದದ್ದು, ನಾನು ಕೈಯಾರೆ ರಬ್ಬರಿನಿಂದ ಅಳಿಸಿದ್ದು.

ಮೊದಲು ಕ್ಷೇಮಸಮಾಚಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ಫೋನಿನಲ್ಲಿ ನಾವಿಬ್ಬರೂ ಹವಾಮಾನ ಇಲಾಖೆಯವರ ಹಾಗೆ ಮಾತಾಡುತ್ತೇವೆ. ಅಲ್ಲಿ ಸೆಕೆಯಾ, ಇಲ್ಲಿ ಸೆಕೆ, ಊಟ ಆಯಿತಾ, ಆಯಿತು, ಇಡಲಾ, ಇಡು. ಅದಕ್ಕೇ ನೀನು ಕಾಗದ ಬರೆದದ್ದು ನೋಡಿ ಖುಷಿಯೂ ಆಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಅಪ್ಪ ಚೆನ್ನಾಗಿದ್ದಾರೆ. ಹೊಸ ಕನ್ನಡಕ ಬಂದ ಮೇಲೆ ಮನೆಯ ಗೋಡೆಗಳಿಗೆಲ್ಲ ಸುಣ್ಣ ಬೇಕೆಂದು ಕಂಡುಹಿಡಿದಿದ್ದಾರೆ. ನಿನ್ನ ಲ್ಯಾಬಿನಲ್ಲಿ ರಾತ್ರಿ ಪಾಳಿ ಮುಗಿಯಿತೇ? ದಿನವೆಲ್ಲ ಬೇರೆಯವರ ರಕ್ತ ಪರೀಕ್ಷಿಸುವವಳು ಒಂದು ಸಲ ನಿನ್ನದನ್ನೂ ನೋಡಿಕೋ. ಮುಖ ಬಿಳಿಚಿಕೊಂಡಿದೆ ಎಂದು ಫೋಟೋ ನೋಡಿ ಅಪ್ಪ ಹೇಳಿದರು. ಹೊಸ ಕನ್ನಡಕದ ಪ್ರಭಾವವೂ ಇರಬಹುದು.

"ನಿನ್ನ ಹೊಸ ಲೈಬ್ರರಿ ಹೇಗೆ ನಡೀತಿದೆ ಅಮ್ಮಾ?" ಎಂದು ಕೇಳಿದ್ದೆ. ಅದರ ಸಂಗತಿಯನ್ನೇ ಬರೆಯಲು ಕೂತಿದ್ದೇನೆ. ಸುಲಭದ ಸಂಗತಿಯಲ್ಲ.

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಈ ವರ್ಷ ತಂದೆತಾಯಿಯರಿಗೆಂದು ಎರಡು ಕಪಾಟು ಇಟ್ಟೆವು. ಮಕ್ಕಳ ನಿದ್ದೆ, ಊಟ, ಹಟ, ಪರೀಕ್ಷೆಯ ಭಯ, ತಾಯ್ತಂದೆಯರ ಸಿಟ್ಟು, ಹೀಗೆ ಒಂದೊಂದಕ್ಕೂ ಪುಸ್ತಕ. ಜೊತೆಗೆ ನನ್ನ ಹಟಕ್ಕೆ ಒಂದು ಸಾಲು ಕವಿತೆ. ಶನಿವಾರ ಮಧ್ಯಾಹ್ನ ಬಂದು ಆರಿಸಿಕೊಳ್ಳಬಹುದು. ದೊಡ್ಡವರಿಗೆ ಬೇರೆ ಕಾರ್ಡಿಲ್ಲ. ಒಂದು ಚೀಟಿಯಲ್ಲಿ ಮಗುವಿನ ತರಗತಿ, ಕ್ರಮಸಂಖ್ಯೆ ಮತ್ತು ಪುಸ್ತಕದ ಹೆಸರನ್ನು ತಮ್ಮ ಕೈಯಲ್ಲೇ ಬರೆದು ಪುಸ್ತಕದೊಳಗಿಟ್ಟು ಒಯ್ಯಬೇಕು. ಹಿಂತಿರುಗಿಸುವಾಗ ಗೇಟಿನ ಬಳಿಯ ಪೆಟ್ಟಿಗೆಗೆ ಹಾಕಿದರಾಯಿತು, ನನ್ನ ಮುಖ ನೋಡುವ ಕಷ್ಟವೂ ಇಲ್ಲ. ನಾನು ಪೆಟ್ಟಿಗೆ ತೆರೆದು, ಚೀಟಿಗಳನ್ನು ತೆಗೆದು ಟ್ರೇಯಲ್ಲಿಟ್ಟು, ಪುಸ್ತಕದ ಒಂದೊಂದೇ ಹಾಳೆ ಮಗುಚಿ, ಯಾರಾದರೂ ಗೀಟು ಹಾಕಿದ್ದರೆ ಅಳಿಸಿ ಕಪಾಟಿಗೆ ಸೇರಿಸುತ್ತೇನೆ. ಈ ನಿಯಮ ಮಾಡಿದವಳೂ ನಾನೇ. "ಒಂದು ಚುಕ್ಕೆ ಇಟ್ಟರೂ ನನ್ನ ಕಣ್ಣು ತಪ್ಪಿಸೋಕಾಗಲ್ಲ" ಎಂದು ಪಾಲಕರ ಸಭೆಯಲ್ಲಿ ಜಂಬ ಕೊಚ್ಚಿಕೊಂಡವಳೂ ನಾನೇ.

ಸಿಟ್ಟಿನ ಕುರಿತಾದ ನೀಲಿ ರಟ್ಟಿನ ಪುಸ್ತಕವೊಂದಿದೆ. ಬೇಡಿಕೆ ಹೆಚ್ಚೆಂದು ಅದರ ಮೂರು ಪ್ರತಿ ತರಿಸಿದ್ದೆವು. ಮೂರೂ ಒಂದೇ ತಾನೇ ಎಂದು ಪ್ರತಿಗಳಿಗೆ ಸಂಖ್ಯೆ ಹಾಕಿರಲಿಲ್ಲ. ವರ್ಷದ ಕೊನೆಯ ಲೆಕ್ಕ ನೋಡಲೆಂದು ಎಲ್ಲ ಪುಸ್ತಕಗಳನ್ನೂ ಒಮ್ಮೆ ವಾಪಸು ಕೇಳಿದ್ದೆ. ಹೋದ ತಿಂಗಳು ಇಪ್ಪತ್ತನೇ ತಾರೀಕು ಗುರುವಾರ, ಮೂರು ಪ್ರತಿಗಳೂ ಒಂದೇ ದಿನ ಪೆಟ್ಟಿಗೆಗೆ ಬಂದವು. ಚೀಟಿ ತೆಗೆದಿಟ್ಟೆ. ರಬ್ಬರು ಹಿಡಿದು ಕೂತೆ.

ಮೊದಲೆರಡರಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ, "ಕೈ ಎತ್ತುವ ಮೊದಲು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನೂರರವರೆಗೆ ಎಣಿಸಿ" ಎಂಬ ಸಲಹೆಯ ಪಕ್ಕದಲ್ಲಿ ಅಂಚಿನುದ್ದಕ್ಕೂ ತೆಳುವಾದ ಪೆನ್ಸಿಲ್ ಬರಹ. ತಾರೀಕು, ಅದರ ಮುಂದೆ ಒಂದು ಸಂಖ್ಯೆ. ಮೊದಲು ನೂರು. ಆಮೇಲೆ ತೊಂಬತ್ತು. ಎಪ್ಪತ್ತೆರಡು. ಕೆಳಕ್ಕೆ ಬಂದಂತೆ ಇಳಿಯುತ್ತ ಹೋಗಿತ್ತು. ಹಾಳೆ ಮಗುಚಿದರೆ ಅಲ್ಲೂ ಇತ್ತು. ಕೊನೆಯಲ್ಲಿ ನಾನು ಮೇಲೆ ಬರೆದ ಸಾಲು. ಅದರ ಕೆಳಗೆ ಇನ್ನೊಂದು: "ಇವತ್ತು ಅವಳು ಅಳಲಿಲ್ಲ. ಅದೇ ಹೆದರಿಕೆ."

ಕೈ ಅದರ ಪಾಡಿಗೆ ಅದು ಅಳಿಸುತ್ತಿತ್ತು. ಅಭ್ಯಾಸ ನೋಡು. ಕಣ್ಣು ಓದಿದ್ದು ತಲೆಗೆ ಹೋಗಿ ಮುಟ್ಟುವಷ್ಟರಲ್ಲಿ ಅಂಚು ಬೆಳ್ಳಗಾಗಿತ್ತು. ರಬ್ಬರಿನ ಪುಡಿಯನ್ನು ಅಂಗೈಯಿಂದ ಒತ್ತರಿಸಿದ ಮೇಲೆ ಎಚ್ಚರವಾಯಿತು. ಟ್ರೇಯಲ್ಲಿ ಮೂರು ಚೀಟಿಗಳಿದ್ದವು, ಮೂವರ ಕೈಬರಹವಿತ್ತು. ಹೋಲಿಸಿ ನೋಡಿದರೆ ಒಂದು ನಿಮಿಷದ ಕೆಲಸ. ಆದರೆ ಹೋಲಿಸಲು ಈಗ ಏನೂ ಉಳಿದಿರಲಿಲ್ಲ. ಕಿಟಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಬರೆದವರ ಕೈ ಬಹಳ ಹಗುರ. ಕಾಗದದ ಮೇಲೆ ಗೀರೂ ಬಿದ್ದಿರಲಿಲ್ಲ.

ಎಲ್ಲೋ ಒಂದು ಮನೆಯಲ್ಲಿ ಒಂದು ಹೆಣ್ಣುಮಗು ಹೊಡೆತ ತಿನ್ನುತ್ತಿತ್ತು, ಅದೂ ದಿನದಿಂದ ದಿನಕ್ಕೆ ಬೇಗ ಬೇಗ. ಇದ್ದ ಒಂದು ಸಾಕ್ಷಿಯನ್ನು ನಾನು ಉಜ್ಜಿ ಉಜ್ಜಿ ಸ್ವಚ್ಛ ಮಾಡಿಟ್ಟಿದ್ದೆ.

ಮೂರು ಚೀಟಿ ಯಾರದೆಂದು ಹೇಳುತ್ತೇನೆ. ಒಂದು, ಆರನೇ ತರಗತಿಯ ಹುಡುಗಿಯೊಬ್ಬಳ ಅಜ್ಜನದು. ಅಂಚೆ ಕಚೇರಿಯಿಂದ ನಿವೃತ್ತರಾದವರು, ಬಾಣಂತಿಯರ ಆರೈಕೆಯ ಪುಸ್ತಕವನ್ನೂ ಬಿಡದೆ ಓದಿದವರು. ಅವರು ಮೊಮ್ಮಗಳಿಗೆ ಹೊಡೆಯುವುದಿರಲಿ, ಅವಳೇ ಅವರನ್ನು ಗದರಿಸಿ ರಸ್ತೆ ದಾಟಿಸುತ್ತಾಳೆ. ಎರಡನೆಯದು, ನಾಲ್ಕನೇ ತರಗತಿ ಬಿ ವಿಭಾಗದ ಹುಡುಗಿಯ ಅಪ್ಪನದು. ಬಸ್ಸಿನ ಡ್ರೈವರು. ಬಾಗಿಲಷ್ಟು ಅಗಲದ ಮನುಷ್ಯ, ಮಾತಾಡಿದರೆ ಕಪಾಟಿನ ಗಾಜು ನಡುಗುತ್ತದೆ. ಮೂರನೆಯದು, ನಾಲ್ಕನೇ ಎ ವಿಭಾಗದ ಹುಡುಗಿಯ ತಾಯಿಯದು. ಔಷಧಿ ಅಂಗಡಿ ಇಟ್ಟಿದ್ದಾರೆ. ಮೆದು ಮಾತು. ನನ್ನ ಕವಿತೆಯ ಸಾಲಿನಿಂದ ಪುಸ್ತಕ ಒಯ್ಯುವವರು ಇಡೀ ಊರಿಗೆ ಅವರೊಬ್ಬರೇ. ಶನಿವಾರ ನಾವಿಬ್ಬರೂ ನಿಂತಲ್ಲೇ ಅರ್ಧ ಗಂಟೆ ಹರಟುತ್ತೇವೆ.

ನನ್ನ ತಲೆ ಯಾರ ಕಡೆ ಹೋಗಿರಬಹುದೆಂದು ನಿನಗೀಗಲೇ ಗೊತ್ತಾಗಿರುತ್ತದೆ.

ಮಾರನೆಯ ದಿನ ಹೆಡ್‌ಮಿಸ್ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಯಾರು?" ಎಂದರು.

"ಖಚಿತವಾಗಿ ಗೊತ್ತಿಲ್ಲ. ಮೂವರಲ್ಲಿ ಒಬ್ಬರು."

"ಮೂವರನ್ನೂ ಕರೆಸಿ 'ನಿಮ್ಮಲ್ಲಿ ಯಾರು ಮಗೂನ ಬಡೀತಿರೋದು' ಅಂತ ಕೇಳ್ಲಾ? ಹೆಸರು ಹೇಳಿ ಮೇಡಂ. ಮಗು ವಿಷಯ. ಸುಮ್ನೆ ಕೂರೋ ಹಾಗೂ ಇಲ್ಲ."

ಅದರ ಹಿಂದಿನ ಶನಿವಾರ ಆ ಡ್ರೈವರು ಬೂಟಿನ ಲೇಸು ಕಟ್ಟಿಕೊಳ್ಳುತ್ತ ಕೂತ ಮಗಳಿಗೆ "ಎದ್ದೇಳೇ ಮಹಾರಾಣಿ!" ಎಂದು ಕೂಗಿದ್ದು ಕಿವಿಯಲ್ಲಿತ್ತು. ಅವರ ತರಗತಿ, ಸಂಖ್ಯೆ ಹೇಳಿದೆ. ಹೇಳುವಾಗ "ಇರಬಹುದು" ಎಂದು ಸೇರಿಸಿದೆ. ಆ ಕೋಣೆಯಲ್ಲಿ "ಇರಬಹುದು" ಎಂಬುದು ಯಾರ ಕಿವಿಗೂ ಬೀಳಲಿಲ್ಲ.

ಸೋಮವಾರ ಕರೆಸಿದರು. ನನ್ನನ್ನೂ ಕೂರಿಸಿಕೊಂಡರು. ಡ್ರೈವರು ಖಾಕಿಯಲ್ಲೇ ಬಂದಿದ್ದರು, ಪಾಳಿಯ ನಡುವೆ ಯಾರಿಗೋ ಬಸ್ಸು ಒಪ್ಪಿಸಿ. ಮಗಳು ಪಕ್ಕದಲ್ಲಿ ನಿಂತು ಅವರ ಕಿರುಬೆರಳು ಹಿಡಿದುಕೊಂಡಿದ್ದಳು. ಹೆಡ್‌ಮಿಸ್ ಸುತ್ತಿ ಬಳಸಿ ಮಾತಾಡಿ, ಕೊನೆಗೆ ಮಗುವಿನ ಕಡೆ ತಿರುಗಿ, "ಅಂಗಿ ತೋಳು ಸ್ವಲ್ಪ ಮೇಲೆತ್ತಮ್ಮ, ನೋಡೋಣ" ಎಂದರು. ಮೊಣಕೈಯಲ್ಲಿ ಒಣಗಿದ ಗಾಯವಿತ್ತು.

"ಇದೇನಿದು?"

"ಸೈಕಲ್ಲಿಂದ ಬಿದ್ದೆ ಮಿಸ್."

"ನಿಜ ಹೇಳು ಪುಟ್ಟಾ, ಹೆದರ್ಕೋಬೇಡ. ಅಪ್ಪ ಏನೂ ಅನ್ನಲ್ಲ."

ಹುಡುಗಿ ಅಪ್ಪನ ಮುಖ ನೋಡಿದಳು, ಹೆಡ್‌ಮಿಸ್ ಮುಖ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅಳತೊಡಗಿದಳು. ನೋವಿಗಲ್ಲ, ತಾನು ನಿಜ ಹೇಳಿದ್ದನ್ನು ನಾವಿಬ್ಬರು ದೊಡ್ಡವರು ಕೂತು ನಂಬಲಿಲ್ಲವಲ್ಲ, ಅದಕ್ಕೆ.

ಡ್ರೈವರು ಕೂಗುತ್ತಾರೆಂದು ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರು ಕೂಗಲಿಲ್ಲ. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಮೇಡಂ, ಆ ಪುಸ್ತಕ ನಾನು ತಗೊಂಡಿದ್ದು ಬಸ್ಸಿಗೋಸ್ಕರ. ಮೆಟ್ಲ ಮೇಲೆ ನಿಂತ್ಕೊಂಡು ಒಳಗೆ ಹೋಗಲ್ಲ ಅನ್ನೋರು, ತಿರುವಲ್ಲೇ ನಿಲ್ಸು ಅನ್ನೋರು... ದಿನಾ ಜಗಳ ಆಡಿ ಆಡಿ ಸಾಕಾಗಿತ್ತು. ಸಿಟ್ಟು ಕಮ್ಮಿ ಮಾಡ್ಕೊಳ್ಳೋಣ ಅಂತ ಓದಿದೆ. ನನ್ನ ಗಂಟಲು ದೊಡ್ಡದು, ನಿಜ. ಕೈ ಅಲ್ಲ." ಮಗಳ ತೋಳನ್ನು ತಾವೇ ಕೆಳಗಿಳಿಸಿ ಗುಂಡಿ ಹಾಕಿದರು. "ಇನ್ಮೇಲೆ ನಮ್ಮನೆಗೆ ಪುಸ್ತಕ ಬೇಡ" ಎಂದು ಹೇಳಿ ಹೊರಟರು.

ಆ ದಿನ ಹೆಡ್‌ಮಿಸ್ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ಅಜ್ಜನ ಹೆಸರು ಹೇಳಲೇ, ಆ ತಾಯಿಯ ಹೆಸರು ಹೇಳಲೇ? ಇನ್ನೊಂದು ಮಗುವಿನ ತೋಳು ಎತ್ತಿಸಲೇ? ಸುಮ್ಮನಿದ್ದರೆ ಅಂಚಿನ ಆ ಸಂಖ್ಯೆ ದಿನದಿನಕ್ಕೆ ಇನ್ನೂ ಇಳಿಯುತ್ತದೆ. ಮನೆಗೆ ಬಂದು ಅಪ್ಪನಿಗೆ ಮೂರು ಸಲ ಟೀ ಮಾಡಿಕೊಟ್ಟೆನಂತೆ. ಅವರೂ ಮೂರು ಸಲ ಕುಡಿದರು, ಪಾಪ.

ಬುಧವಾರ ನಾಲ್ಕನೇ ಎ ವಿಭಾಗದವರಿಗೆ ಲೈಬ್ರರಿ ಪಿರಿಯಡ್. ಎಲ್ಲರೂ ಚಿತ್ರದ ಪುಸ್ತಕಕ್ಕೆ ಮುಗಿಬಿದ್ದಿದ್ದಾಗ ಔಷಧಿ ಅಂಗಡಿಯವರ ಮಗಳು ಕಪಾಟಿನ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಅದೇ ತಾನೇ ಕೊಟ್ಟ ಗಣಿತದ ಉತ್ತರಪತ್ರಿಕೆ. ತುಟಿ ಅಲ್ಲಾಡುತ್ತಿತ್ತು.

"ಏನು ಬಾಯಿಪಾಠ ಮಾಡ್ತಿದೀಯೇ?"

"ಬಾಯಿಪಾಠ ಅಲ್ಲ ಮಿಸ್. ಎಣಿಸ್ತಿದೀನಿ."

"ಯಾಕೆ?"

"ಅಭ್ಯಾಸ ಮಾಡ್ಕೊಳ್ತಿದೀನಿ. ಸಿಟ್ಟು ಬಂದಾಗ ಅಮ್ಮ ರೂಮೊಳಗೆ ಹೋಗಿ ಎಣಿಸ್ತಾರಲ್ಲ, ನಾನೂ ಹೊರಗಡೆ ಜೊತೆಗೇ ಎಣಿಸ್ತೀನಿ. ಯಾವಾಗ ಬರ್ತಾರೆ ಅಂತ ಗೊತ್ತಾಗ್ಬೇಕಲ್ಲ. ಈಗೀಗ ಬೇಗ ಬಂದ್ಬಿಡ್ತಾರೆ." ಉತ್ತರಪತ್ರಿಕೆಯನ್ನು ನಾಲ್ಕಾಗಿ ಮಡಿಚಿದಳು. "ಇವತ್ತು ಹದಿನಾಲ್ಕೇ ಬಂದಿರೋದು ಮಿಸ್. ಇಪ್ಪತ್ತೈದಕ್ಕೆ."

ಗಂಟೆ ಹೊಡೆಯಿತು. ಸಾಲಿನಲ್ಲಿ ನಿಂತು ಹೋದಳು.

ಶಾಲೆ ಬಿಟ್ಟ ತಕ್ಷಣ ಔಷಧಿ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಅವರೊಬ್ಬರೇ ಇದ್ದರು. ನನ್ನನ್ನು ಕಂಡು ಮುಖವರಳಿಸಿ, "ಬನ್ನಿ ಮೇಡಂ, ತಲೆನೋವಾ?" ಎಂದರು. ನಾನು ಚೀಲದಿಂದ ನೀಲಿ ಪುಸ್ತಕ ತೆಗೆದು ಗಾಜಿನ ಮೇಲಿಟ್ಟು ಆ ಪುಟ ತೆರೆದೆ.

ಅವರು ಬಿಳಿ ಅಂಚನ್ನು ನೋಡಿದರು. ಬೆರಳಿನಿಂದ ಸವರಿದರು.

"ಅಳಿಸಿದ್ರಾ?"

"ಅಳಿಸಿದೆ."

"ಓದಿದ್ರಾ?"

ಅಷ್ಟರಲ್ಲಿ ಒಬ್ಬರು ಕೆಮ್ಮಿನ ಔಷಧಿಗೆ ಬಂದರು. ಊಟಕ್ಕೆ ಮುಂಚೆಯೋ ಆಮೇಲೋ, ಎರಡು ಚಮಚವೋ ಒಂದೋ ಎಂದು ಅವರಿಗೆಲ್ಲ ತಾಳ್ಮೆಯಿಂದ ವಿವರಿಸಿ, ಸೀಸೆಯ ಮೇಲೆ ಬರೆದುಕೊಟ್ಟು ಕಳಿಸಿದರು. ಅಕ್ಷರ ನೋಡಿದೆ. ಎಷ್ಟು ಹಗುರ ಕೈ! ಮಾತ್ರೆ, ಟಾನಿಕ್ಕುಗಳ ಮೇಲೆಲ್ಲ ಅದೇ ಅಕ್ಷರವಿತ್ತು. ಎಷ್ಟು ಸಲ ಈ ಅಂಗಡಿಗೆ ಬಂದಿದ್ದೇನೆ!

ಗಿರಾಕಿ ಮೆಟ್ಟಿಲಿಳಿದ ಮೇಲೆ ಹೇಳಿದರು: "ನೀವು ಓದ್ತೀರಿ ಅಂತಲೇ ಬರ್ದಿದ್ದು ಮೇಡಂ. ಸಭೇಲಿ ಹೇಳಿದ್ರಲ್ಲ, ಚುಕ್ಕೆ ಇಟ್ರೂ ಕಣ್ಣಿಗೆ ಬೀಳುತ್ತೆ ಅಂತ. ಎದುರಿಗೆ ನಿಂತು ಹೇಳೋಕೆ ಬಾಯಿ ಬರ್ಲಿಲ್ಲ. ಕವಿತೆ ಮಾತಾಡ್ತಾ ಮಾತಾಡ್ತಾ ಮಧ್ಯದಲ್ಲಿ 'ನಾನು ಮಗಳಿಗೆ ಹೊಡೀತೀನಿ' ಅಂತ ಹೇಗೆ ಹೇಳೋದು? ಗುರುವಾರ ಪೆಟ್ಟಿಗೆಗೆ ಹಾಕಿದೆ. ಶುಕ್ರವಾರ ಬರ್ತೀರಿ ಅಂದ್ಕೊಂಡೆ. ಶನಿವಾರ ಅಂದ್ಕೊಂಡೆ. ಆರು ದಿನ ಆಯ್ತು."

"ಮನೆಯವರಿಗೆ ಗೊತ್ತಿಲ್ವಾ?"

"'ನಮ್ಮಪ್ಪ ಬಡಿದಿದ್ದಕ್ಕೇ ನಾನು ಮನುಷ್ಯ ಆಗಿದ್ದು' ಅಂತಾರೆ. ಅವರ ಹತ್ರ ಹೇಳಿದ್ರೆ ಮೆಚ್ಚಿ ಬೆನ್ನು ತಟ್ತಾರೆ ಅಷ್ಟೇ." ಪುಸ್ತಕ ಮುಚ್ಚಿದರು. "ಇವತ್ತು ಗಣಿತದ ಪೇಪರ್ ಕೊಟ್ಟಿದಾರೆ ಅಲ್ವಾ? ಬೆಳಗ್ಗೆಯಿಂದ ಮನೆಗೆ ಹೋಗೋಕೇ ಭಯ ಆಗ್ತಿದೆ. ಅವಳಿಗಲ್ಲ, ನನಗೆ ನಾನೇ ಹೆದರ್ತಿದೀನಿ. ನೀವು ಬರ್ತೀರಾ ಜೊತೆಗೆ?"

ಷಟರ್ ಎಳೆದರು, ಹೋದೆವು. ಎರಡು ಬೀದಿ ದಾಟಿ ಮೂರನೇ ಮಹಡಿ. ಬಾಗಿಲು ತೆರೆದವಳು ಮಗಳೇ. ಅವಳು ಅಮ್ಮನ ಮುಖ ನೋಡಲಿಲ್ಲ ಪುಟ್ಟಿ; ಮೊದಲು ಕೈ ನೋಡಿದಳು. ಉತ್ತರಪತ್ರಿಕೆ ಆಗಲೇ ಊಟದ ಮೇಜಿನ ಮೇಲಿತ್ತು. ಬಿಡಿಸಿ, ಮೂಲೆಯ ಮೇಲೆ ಲೋಟ ಇಟ್ಟಿದ್ದಳು. ಬಚ್ಚಿಟ್ಟರೆ ಜಾಸ್ತಿ ಬೀಳುತ್ತದೆಂದು ಗೊತ್ತಿತ್ತೇನೋ.

ತಾಯಿ ಅದನ್ನೆತ್ತಿ ನೋಡಿದರು. ಕತ್ತಿನ ನರ ಉಬ್ಬಿತು. ಎರಡು ನಿಮಿಷದ ಹಿಂದೆ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ಅತ್ತವರು ಇವರೇನಾ ಎನ್ನಿಸಿತು. "ಏಳರ ಮಗ್ಗಿ. ಮೂರನೇ ಕ್ಲಾಸಿನ ಮಗ್ಗಿ!" ಎಂದರು. ಸರಕ್ಕನೆ ತಿರುಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿಂದ ಎಣಿಕೆ ಕೇಳತೊಡಗಿತು.

ಮಗು ನನ್ನೆದುರು ನಿಂತು ದನಿಯಿಲ್ಲದೆ ಜೊತೆಗೂಡಿತು. ಇಪ್ಪತ್ತು. ಮೂವತ್ತು. ನನಗೂ ಉಸಿರು ಆ ಲೆಕ್ಕಕ್ಕೇ ಬರತೊಡಗಿತು. ಐವತ್ತೇಳು, ಐವತ್ತೆಂಟು... ದನಿ ನಿಂತಿತು. ಹುಡುಗಿ ಮೆಲ್ಲನೆ ಸರಿದು ನನ್ನ ಕುರ್ಚಿಯ ಹಿಂದೆ ಹೋಗಿ ನಿಂತಳು. ಚಿಲಕ ಅಲ್ಲಾಡಿತು. ನಾನು ಎದ್ದು ಬಾಗಿಲ ಬಳಿ ಹೋಗಿ ಏನು ಮಾಡಬೇಕೋ ತಿಳಿಯದೆ, ಗಟ್ಟಿಯಾಗಿ, "ಐವತ್ತೊಂಬತ್ತು" ಎಂದೆ.

ಚಿಲಕದ ಅಲ್ಲಾಟ ನಿಂತಿತು.

"ಅರವತ್ತು" ಎಂದೆ.

"ಅರವತ್ತೊಂದು" ಎಂದಿತು ಒಳಗಿನ ದನಿ.

ನೂರು ದಾಟಿತು. ಬಾಗಿಲು ತೆರೆಯಲಿಲ್ಲ. ನೂರ ಹತ್ತು, ನೂರ ಇಪ್ಪತ್ತು. ಇನ್ನೂರರ ಹತ್ತಿರ ಎಣಿಕೆ ನಿಂತು, ಅವರು ಫೋನಿನಲ್ಲಿ ತಮ್ಮ ಅಕ್ಕನೊಂದಿಗೆ ಮಾತಾಡುವುದು ಕೇಳಿಸಿತು: "ಅಕ್ಕಾ, ನೀನು ಬಂದು ಇಲ್ಲೇ ಇರ್ಬೇಕು. ಯಾಕೆ ಅಂತ ಬಂದ್ಮೇಲೆ ಹೇಳ್ತೀನಿ. ಇಲ್ಲ, ಈಗ್ಲೇ ಹೇಳ್ತೀನಿ, ಕೇಳು."

ಅಕ್ಕ ಮಾರನೆಯ ದಿನವೇ ಬಂದರು. ಹೆಡ್‌ಮಿಸ್ ಬಳಿ ಆ ತಾಯಿಯೇ ಹೋಗಿ ಎಲ್ಲವನ್ನೂ ಹೇಳಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಈ ಸಲ ಯಾರ ತೋಳನ್ನೂ ಎತ್ತಿಸಲಿಲ್ಲ. ಆ ತಾಯಿ ವಾರಕ್ಕೆರಡು ದಿನ ಒಬ್ಬ ಮನೋವೈದ್ಯರ ಬಳಿ ಹೋಗುತ್ತಿದ್ದಾರೆ. ಮಗು ಶಾಲೆ ಬಿಟ್ಟ ಮೇಲೆ ದೊಡ್ಡಮ್ಮ ಬರುವವರೆಗೂ ಲೈಬ್ರರಿಯಲ್ಲಿ ನನ್ನ ಜೊತೆಗಿರುತ್ತದೆ. ಎಲ್ಲ ಸರಿಹೋಯಿತೆಂದು ಬರೆಯಲಾರೆ. ನಿನ್ನೆ ನಾನು ಮೇಜಿನ ಮೇಲಿಂದ ಸ್ಕೇಲು ತೆಗೆದುಕೊಂಡಾಗ ಮಗು ಭುಜ ಕುಗ್ಗಿಸಿತು.

ಡ್ರೈವರನ್ನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. "ನನಗ್ಯಾಕೆ ಮೇಡಂ ಕ್ಷಮೆ? ಅವಳನ್ನ ಕೇಳಿ" ಎಂದರು. ಅವಳನ್ನೂ ಕೇಳಿದೆ, ತರಗತಿಯ ಬಾಗಿಲಲ್ಲಿ ನಿಂತು. "ಪರ್ವಾಗಿಲ್ಲ ಮಿಸ್" ಎಂದು ಎರಡು ಹೆಜ್ಜೆ ಹೋದವಳು ತಿರುಗಿ ಬಂದು, "ಆದ್ರೆ ನಿಜವಾಗ್ಲೂ ಸೈಕಲ್ಲೇ" ಎಂದಳು. ಅವಳಪ್ಪ ಇನ್ನೂ ಪುಸ್ತಕ ಒಯ್ಯುತ್ತಿಲ್ಲ.

ಇಷ್ಟು ಮಗಳೇ, ನನ್ನ ಹೊಸ ಲೈಬ್ರರಿಯ ಸಮಾಚಾರ. ಅಂಚಿನಲ್ಲಿ ಬರೆದದ್ದನ್ನು ಈಗ ಅಳಿಸುವುದಿಲ್ಲ. ಹೊತ್ತು ಹೊತ್ತಿಗೆ ಉಣ್ಣು, ಪಾಳಿ ಮುಗಿದ ದಿನ ಚೆನ್ನಾಗಿ ನಿದ್ದೆ ಮಾಡು. ನಿನ್ನ ಕೈ ಮುಟ್ಟಿದ ಯಾವ ಪರೀಕ್ಷೆಯೂ ಯಾರಿಗೂ ಕೆಟ್ಟ ಸುದ್ದಿ ಹೇಳದಿರಲಿ. ಎಲ್ಲಿದ್ದರೂ ತಣ್ಣಗಿರು.

ಪ್ರೀತಿಯಿಂದ,
ನಿನ್ನ ಅಮ್ಮ

ಮತ್ತೆ: ಮಧ್ಯಾಹ್ನ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮೇಲಿನ ಕಾಗದದಲ್ಲಿ ಒಂದು ಸುಳ್ಳಿದೆ.

ಕೈ ಅದರ ಪಾಡಿಗೆ ಅಳಿಸಿತು ಎಂದು ಬರೆದೆ. ಹೆಡ್‌ಮಿಸ್‌ಗೂ ಹಾಗೇ ಹೇಳಿದೆ, ಆ ತಾಯಿಗೂ ಹಾಗೇ ಹೇಳಿದೆ. ಹಾಗಲ್ಲ. ಎರಡು ಪುಟದ ಅಂಚನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಎದ್ದು ಗ್ರಂಥಾಲಯದ ಬಾಗಿಲು ಮುಂದೆ ಮಾಡಿ ಬಂದು, ಕೂತು, ಒಂದೊಂದೇ ಸಾಲು ಅಳಿಸಿದೆ. ಚೀಟಿಗೆ ಹೋಲಿಸಿದರೆ ಯಾರೆಂದು ತಿಳಿಯುತ್ತದೆ ಎಂಬುದು ಅಳಿಸುವ ಮೊದಲೇ ಹೊಳೆದಿತ್ತು. ತಿಳಿಯುವುದು ಬೇಡವಾಗಿತ್ತು. ಅಕ್ಷರ ನನ್ನದಲ್ಲ, ಬದುಕು ಮಾತ್ರ ನನ್ನದೇ ಎನ್ನಿಸಿತ್ತು.

ನಿನಗೆ ಎಂಟು ವರ್ಷ. ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿತ್ತು, ತಿಂಗಳಿಗೊಮ್ಮೆ ಬರುತ್ತಿದ್ದರು. ನಾನು ಹಗಲು ಕೆಲಸ ಮಾಡಿ, ಬೆಳಗಿನ ಜಾವ ಎದ್ದು ಎಂ.ಎ.ಗೆ ಓದುತ್ತಿದ್ದೆ. ಕವಿತೆಗಳನ್ನು ಬಾಯಿಪಾಠ ಮಾಡುತ್ತ ನಿನಗೆ ಜಡೆ ಹಾಕುತ್ತಿದ್ದೆ. ನೀನು ಅಲ್ಲಾಡಿದರೆ ಬಾಚಣಿಗೆಯ ಬೆನ್ನಿಂದ ಹೊಡೆಯುತ್ತಿದ್ದೆ. ಲೆಕ್ಕ ತಪ್ಪಿದರೆ ಹೊಡೆಯುತ್ತಿದ್ದೆ. ಹಾಲು ಚೆಲ್ಲಿದರೆ ಹೊಡೆಯುತ್ತಿದ್ದೆ. ನಾನು ಯಾವತ್ತೂ ಬೇರೆ ಕೋಣೆಗೆ ಹೋಗಿ ಹತ್ತರವರೆಗೂ ಎಣಿಸಲಿಲ್ಲ. ಒಂದು ವರ್ಷ ನಡೆಯಿತು, ಅಪ್ಪ ವಾಪಸು ಬಂದ ಮೇಲೆ ನಿಂತಿತು. ನಾವಿಬ್ಬರೂ ಅದರ ಮಾತೇ ಎತ್ತಲಿಲ್ಲ. ನೀನು ಮರೆತಿದ್ದೀಯ ಎಂದು ಹದಿನೈದು ವರ್ಷ ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಗೊತ್ತಿಲ್ಲ ಎಂದೂ ಹೇಳಿಕೊಂಡೆ. ಕ್ಷಮಿಸು ಎಂದು ಬರೆದು ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಲಾರೆ. ನಡೆದದ್ದು ನಿಜ ಎಂದು ಬರೆದುಕೊಡುತ್ತಿದ್ದೇನೆ, ಅಷ್ಟೇ.

ಇಷ್ಟು ಬರೆಯುವ ಮೊದಲು ಪಕ್ಕದ ಮನೆಗೆ ಹೋಗಿದ್ದೆ. ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಾರೆಂದು ನೀನು ಗುಂಡಿ ಆಂಟಿ ಎಂದು ಹೆಸರಿಟ್ಟಿದ್ದೆಯಲ್ಲ, ಅವರಲ್ಲಿಗೆ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಬಾಗಿಲಲ್ಲೇ ನಿಂತು ಕೇಳಿಬಿಟ್ಟೆ, ಆ ವರ್ಷ ನಿಮಗೆ ಏನಾದರೂ ಕೇಳಿಸುತ್ತಿತ್ತೇ ಎಂದು. ಯಾವ ವರ್ಷ ಎಂದು ಅವರು ಕೇಳಲಿಲ್ಲ. ಬಾಯಲ್ಲಿದ್ದ ದಾರ ತೆಗೆದು, ನನ್ನ ಮುಖ ನೋಡದೆ ಹೇಳಿದರು:

"ನಿಮ್ಮ ಮಗಳು ವಾರಕ್ಕೆ ಎರಡು ಸಲ ಸಕ್ಕರೆ ಕೇಳ್ಕೊಂಡು ಬರ್ತಿದ್ಲು. ಬಂದೋಳು ಗೋಡೆಗೆ ಒರಗಿ ಕೂತ್ಕೊಂಡು ಗುಂಡಿ ಬಣ್ಣ ನೋಡಿ ಬೇರೆ ಬೇರೆ ಮಾಡಿಕೊಡ್ತಿದ್ಲು, ಒಂದ್ ತಾಸು, ಎರಡ್ ತಾಸು. ಬಟ್ಟಲು ಮಾತ್ರ ಒಂದು ದಿನಾನೂ ತರ್ಲಿಲ್ಲ. ನಾನೂ ಕೇಳ್ಲಿಲ್ಲ."